ಕೇಪು ಸಿಡಿದರೂ ಮದ್ದು ಹತ್ತದಿದ್ದರೆ: ಕರಿಮದ್ದಿನ ರಿವಾಲ್ವರ್‌ಗೆ ದೋಷ ನಿವಾರಣೆ ಕೈಪಿಡಿ

ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಶೂಟಿಂಗ್ ರೇಂಜಿನಲ್ಲಿ ಕೇಪು (ಬಡಿದರೆ ಕಿಡಿ ಸಿಡಿಸುವ ಪುಟ್ಟ ತಾಮ್ರದ ಟೋಪಿ) ಮತ್ತು ಸೀಸದ ಗುಂಡಿನ ರಿವಾಲ್ವರ್ ಹಾರಿಸಲು ಈಗಷ್ಟೇ ಶುರು ಮಾಡಿರುವವರಿಗಾಗಿ ಈ ಕೈಪಿಡಿ. 1851ರ ಕೋಲ್ಟ್ ನೇವಿ, 1860ರ ಕೋಲ್ಟ್ ಆರ್ಮಿ, ‘1858’ ಎಂದೇ ಹೆಸರಾಗಿರುವ ರೆಮಿಂಗ್‌ಟನ್ ನ್ಯೂ ಮಾಡೆಲ್ ಆರ್ಮಿ, ಈ ಮೂರರ ಇಟಾಲಿಯನ್ ನಕಲುಗಳೇ ಹೆಚ್ಚಿನವರ ಕೈಯಲ್ಲಿರುವುದು. 1968ರ ಬಂದೂಕು ನಿಯಂತ್ರಣ ಕಾಯ್ದೆಯಡಿ ಅಮೆರಿಕದ ಕೇಂದ್ರ ಸರ್ಕಾರ ಇವನ್ನು ಪುರಾತನ ಮಾದರಿಗಳೆಂದು ಬೇರೆ ಇಟ್ಟಿದೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ಮೊದಲು ಅದನ್ನು ನೋಡಿಕೊಳ್ಳಿ. ಭಾರತದಲ್ಲಿ ಬಂದೂಕು ಇಟ್ಟುಕೊಳ್ಳಲು 1959ರ ಆಯುಧ ಕಾಯ್ದೆಯಡಿ ಸಾಮಾನ್ಯವಾಗಿ ಪರವಾನಗಿ ಬೇಕು. ಇಲ್ಲಿ ಓದಿದ್ದನ್ನು ನಂಬಿ ಊರಿನಲ್ಲಿ ಯಾರೂ ಕೈಹಾಕಬಾರದು.

ಮಲೆನಾಡಿನಲ್ಲೋ ಕೊಡಗಿನಲ್ಲೋ ಕೇಪಿನ ಕೋವಿ ಬಳಸಿದ ಮನೆಯಿಂದ ಬಂದವರಿಗೆ ಅರ್ಧ ವಿಷಯ ಆಗಲೇ ಗೊತ್ತಿರುತ್ತದೆ. ಬೆಂಕಿಯ ದಾರಿ ಎರಡರಲ್ಲೂ ಒಂದೇ: ಹ್ಯಾಮರ್ ಕೇಪಿಗೆ ಬಡಿಯುತ್ತದೆ, ಕೇಪಿನ ಕಿಡಿ ನಿಪ್ಪಲ್‌ನ (ಕೇಪು ಕೂರುವ ಮೊಳೆ) ಸಣ್ಣ ತೂತಿನಲ್ಲಿ ಇಳಿಯುತ್ತದೆ, ಮದ್ದು ಹತ್ತುತ್ತದೆ, ಗುಂಡು ಹೊರಡುತ್ತದೆ. ರಿವಾಲ್ವರ್‌ನಲ್ಲಿ ಹೊಸದಾಗಿ ಸೇರುವ ಕಷ್ಟ ಎರಡು. ಸಿಲಿಂಡರ್ ಎಂಬ ತಿರುಗುವ ಉರುಳೆಯಲ್ಲಿ ಐದಾರು ಚೇಂಬರ್‌ಗಳು (ಗೂಡುಗಳು) ಒಂದರ ಪಕ್ಕ ಒಂದು ಮದ್ದು ತುಂಬಿಕೊಂಡು, ಮುಂದೆಯೂ ಹಿಂದೆಯೂ ಬೆಂಕಿಗೆ ತೆರೆದು ಕೂತಿರುತ್ತವೆ. ಜೊತೆಗೆ ಮಸಿ ಕಟ್ಟಿದರೂ ಸಿಲಿಂಡರ್ ತಿರುಗಲೇಬೇಕು. ದೋಷ ಹುಡುಕುವಾಗ ಬೆಂಕಿ ಹೋಗುವ ದಾರಿಯಲ್ಲೇ ಹಿಂದಿನಿಂದ ಮುಂದಕ್ಕೆ ಹೋಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮದ್ದು, ಕೇಪು, ಗುಂಡು ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಎಲ್ಲಿತ್ತು ಎಂಬುದು ತಿಳಿಯುವುದಿಲ್ಲ.

ಹೋಲಿಸಿ ನೋಡಲು ಸರಿಯಾದ ಲೋಡ್

.44 ಕ್ಯಾಲಿಬರ್‌ಗೆ (ನಳಿಗೆಯ ಅಳತೆ) 25ರಿಂದ 30 ಗ್ರೇನ್, .36ಕ್ಕೆ 15ರಿಂದ 20 ಗ್ರೇನ್ 3ಎಫ್ (ಸಣ್ಣ ಕಾಳಿನ) ಕರಿಮದ್ದು. ಇದು ಅಳತೆ ಕೊಳವೆಯಲ್ಲಿ ಅಳೆದ ಲೆಕ್ಕ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಮದ್ದಿನ ಮೇಲೆ ಎಣ್ಣೆ ಹಿಡಿಸಿದ ಫೆಲ್ಟ್ ಬಿಲ್ಲೆ, ಅದರ ಮೇಲೆ ಅಪ್ಪಟ ಮೆದು ಸೀಸದ ಗುಂಡು. .44ಕ್ಕೆ .451 ಅಥವಾ .454 ಇಂಚು, .36ಕ್ಕೆ .375 ಅಥವಾ .380 ಇಂಚು. ನಿಮ್ಮ ಗನ್‌ಗೆ ತಯಾರಕರು ಹೇಳಿರುವ ಮಿತಿ ಇದಕ್ಕಿಂತ ಕಡಿಮೆಯಿದ್ದರೆ ಅದೇ ನಿಮ್ಮ ಮಿತಿ.

ಹಿತ್ತಾಳೆ ಫ್ರೇಮಿನದಾದರೆ ಮದ್ದನ್ನು ಇನ್ನೂ ಇಳಿಸಬೇಕು. .44ರಲ್ಲಿ 20 ಗ್ರೇನ್ ದಾಟಬೇಡಿ, .36ರಲ್ಲಿ 15ಕ್ಕೆ ನಿಲ್ಲಿಸಿ. ಪ್ರತಿ ಏಟಿಗೂ ಸಿಲಿಂಡರ್ ಹಿಂದಕ್ಕೆ ಬಡಿದು ಮೆದು ಹಿತ್ತಾಳೆಯಲ್ಲಿ ಗುಳಿ ಬೀಳುತ್ತದೆ, ಆರ್ಬರ್ (ಸಿಲಿಂಡರ್ ತಿರುಗುವ ಅಚ್ಚು) ಸಡಿಲವಾಗುತ್ತದೆ. (ಅಂತರ್ಯುದ್ಧದ ಕಾಲದಲ್ಲಿ ಜಾರ್ಜಿಯಾದ ಗ್ರಿಸ್‌ವೋಲ್ಡ್ ಮತ್ತು ಗನಿಸನ್ ಕಾರ್ಖಾನೆ ಹಿತ್ತಾಳೆ ಫ್ರೇಮ್ ಬಳಸಿತ್ತು. ಅದು .36 ಕ್ಯಾಲಿಬರ್.) ಮೊದಲ ಗನ್ ಕೊಳ್ಳುವವರಿಗೆ ನಮ್ಮ ಸಲಹೆ ಉಕ್ಕಿನ ಫ್ರೇಮಿನದು. ಹಿತ್ತಾಳೆಯದು ಅಗ್ಗವೆಂದು ಕೊಂಡರೆ ಆ ಉಳಿತಾಯ ಬಹಳ ದಿನ ಬಾಳುವುದಿಲ್ಲ.

ಹೊಗೆರಹಿತ ಮದ್ದನ್ನು ಚಿಟಿಕೆಯಷ್ಟೂ ಹಾಕಬಾರದು, ಬೆರೆಸಲೂಬಾರದು. ಸಿಲಿಂಡರ್ ಒಡೆದು ಕೈ ಹೋಗುತ್ತದೆ. ಮದ್ದಿನ ಫ್ಲಾಸ್ಕಿನಿಂದ ನೇರವಾಗಿ ಚೇಂಬರ್‌ಗೆ ಸುರಿಯುವುದೂ ಬೇಡ. ಹಿಂದಿನ ಏಟಿನ ಕೆಂಡವೊಂದು ಉಳಿದಿದ್ದರೆ ಫ್ಲಾಸ್ಕೇ ಹತ್ತಿಕೊಳ್ಳುತ್ತದೆ. ಬೇರೆ ಅಳತೆ ಕೊಳವೆಗೆ ಸುರಿದು, ಅದರಿಂದ ಚೇಂಬರ್‌ಗೆ ಹಾಕಿ. ಕೇಪು ಯಾವಾಗಲೂ ಕೊನೆಗೆ, ನಳಿಗೆ ಗುರಿಯ ಕಡೆಗಿರುವಾಗ ಮಾತ್ರ.

ದೋಷ 1: ಕೇಪು ಸಿಡಿಯಿತು, ಮದ್ದು ಹತ್ತಲಿಲ್ಲ

ಮೊದಲು ಏನೂ ಮಾಡಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ನಿಲ್ಲಿ. ಮದ್ದು ಒಳಗೆ ನಿಧಾನವಾಗಿ ಹತ್ತುತ್ತಿರಬಹುದು. ಈ ಒಂದು ನಿಮಿಷದಲ್ಲಿ ಹ್ಯಾಮರ್ ಎಳೆದು ಮುಂದಿನ ಚೇಂಬರ್‌ಗೆ ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹೊತ್ತುತ್ತಿರುವ ಚೇಂಬರ್ ನಳಿಗೆಯ ಸಾಲಿನಿಂದ ಪಕ್ಕಕ್ಕೆ ಸರಿದ ಮೇಲೆ ಹಾರಿದರೆ ಗುಂಡು ನಳಿಗೆಯಲ್ಲಿ ಹೋಗುವುದಿಲ್ಲ, ಫ್ರೇಮಿಗೆ ಬಡಿಯಬಹುದು, ಇಲ್ಲವೇ ನಳಿಗೆಯ ಹೊರಬದಿಯಲ್ಲಿ ಹಾರಬಹುದು.

ಒಂದು ನಿಮಿಷದ ಮೇಲೆ ಅದೇ ನಿಪ್ಪಲ್‌ಗೆ ಹೊಸ ಕೇಪು ಹಾಕಿ, ಇನ್ನೊಮ್ಮೆ ಹಾರಿಸಿ. ಹಾರಿದರೆ ನಿಪ್ಪಲ್ ತೂತಿನಲ್ಲಿ ಎಣ್ಣೆಯೋ ಮಸಿಯೋ ಇತ್ತೆಂದು ಅರ್ಥ, ಮೊದಲ ಕೇಪು ಅದನ್ನು ಒಣಗಿಸಿ ದಾರಿ ಬಿಡಿಸಿದೆ. ಎರಡು ಕೇಪಿಗೂ ಹಾರದಿದ್ದರೆ ಮೂರರಲ್ಲಿ ಒಂದು: ತೂತು ಪೂರ್ತಿ ಕಟ್ಟಿದೆ, ಮದ್ದು ಎಣ್ಣೆ ಕುಡಿದಿದೆ, ಇಲ್ಲವೇ ಆ ಚೇಂಬರ್‌ಗೆ ಮದ್ದು ಹಾಕುವುದೇ ಮರೆತಿದೆ. ಪಕ್ಕದವರ ಜೊತೆ ಮಾತಾಡುತ್ತ ಲೋಡ್ ಮಾಡಿದಾಗ ಹೆಚ್ಚಾಗಿ ಆಗುವುದು ಮೂರನೆಯದು.

ಬಿಡಿಸುವ ಕ್ರಮ ಹೀಗೆ. ಉಳಿದ ಚೇಂಬರ್‌ಗಳನ್ನು ಹಾರಿಸಿ ಖಾಲಿ ಮಾಡಿ. ಅದು ಆಗದಿದ್ದರೆ ಎಲ್ಲ ನಿಪ್ಪಲ್‌ಗಳಿಂದ ಕೇಪು ತೆಗೆಯಿರಿ. ಕೇಪು ಇರುವ ಲೋಡಾದ ಸಿಲಿಂಡರನ್ನು ಗನ್‌ನಿಂದ ಹೊರಗೆ ತೆಗೆಯಬೇಡಿ. ಅದು ಕೈಜಾರಿ ನಿಪ್ಪಲ್ ಮೇಲೆ ಬಿದ್ದರೆ ಹಾರುತ್ತದೆ. ಕೇಪು ತೆಗೆದ ಮೇಲೆ ಸಿಲಿಂಡರ್ ಬಿಚ್ಚಿ, ಕೈಕೊಟ್ಟ ಚೇಂಬರ್‌ನ ನಿಪ್ಪಲ್ ತಿರುಗಿಸಿ ತೆಗೆಯಿರಿ. ಆ ತೂತಿನಿಂದ 3–4 ಗ್ರೇನ್ 3ಎಫ್ ಮದ್ದನ್ನು ಸ್ವಲ್ಪ ಸ್ವಲ್ಪವಾಗಿ ತಟ್ಟಿ ಇಳಿಸಿ. ನಿಪ್ಪಲ್ ಹಾಕಿ, ಸಿಲಿಂಡರ್ ಜೋಡಿಸಿ, ನಳಿಗೆಯ ಕೆಳಗಿರುವ ಲೋಡಿಂಗ್ ಲಿವರ್‌ನಿಂದ ಗುಂಡನ್ನು ಮತ್ತೆ ಒತ್ತಿ, ಆ ಒಂದು ಚೇಂಬರ್‌ಗೆ ಮಾತ್ರ ಕೇಪು ಹಾಕಿ ಗುರಿಯ ಕಡೆ ಹಾರಿಸಿ. ಸದ್ದು ‘ಪುಸ್’ ಎಂದಷ್ಟೇ ಬರುತ್ತದೆ. ಗುಂಡು ಹೊರಗೆ ಬಿತ್ತೋ ನಳಿಗೆಯಲ್ಲೇ ನಿಂತಿತೋ ಎಂದು ನೋಡದೆ ಮುಂದಿನ ಏಟು ಹಾರಿಸಬಾರದು. ಇದಕ್ಕೂ ಸಿಲಿಂಡರ್ ಬಿಚ್ಚಿ, ನಳಿಗೆಯಲ್ಲಿ ಮರದ ಅಥವಾ ಹಿತ್ತಾಳೆಯ ಕೋಲು ಹಾಕಿ ನೋಡಬೇಕು. ಗುಂಡು ಸಿಕ್ಕಿದ್ದರೆ ಅದೇ ಕೋಲಿನಿಂದ ಮೆಲ್ಲಗೆ ಬಡಿದು ಹೊರಡಿಸಬಹುದು.

ಮತ್ತೆ ಹೀಗಾಗದಂತೆ ಲೋಡ್ ಮಾಡುವ ಮೊದಲು ಚೇಂಬರ್ ಮತ್ತು ನಿಪ್ಪಲ್‌ಗಳ ಎಣ್ಣೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಬಳಿಕ ರೇಂಜಿನಲ್ಲಿ, ಖಾಲಿ ಸಿಲಿಂಡರ್‌ನ ಪ್ರತಿ ನಿಪ್ಪಲ್ ಮೇಲೆ ಒಂದೊಂದು ಕೇಪು ಹಾರಿಸಿ. ಆಗ ನಳಿಗೆಯ ಬಾಯಿಯನ್ನು ಹುಲ್ಲಿನ ಎಸಳಿನ ಹತ್ತಿರ ಹಿಡಿಯಿರಿ. ಎಸಳು ಅಲುಗಿದರೆ ದಾರಿ ಬಿಟ್ಟಿದೆ. ಅಲುಗದ ಚೇಂಬರ್‌ನ ನಿಪ್ಪಲ್ ಬಿಚ್ಚಿ ಸಣ್ಣ ತಂತಿಯಿಂದ ಚುಚ್ಚಿ ಸ್ವಚ್ಛ ಮಾಡಿ. ಆರು ಕೇಪು ದಂಡವಾಯಿತೆಂದು ಇದನ್ನು ಬಿಡುವವರೇ ಆಮೇಲೆ ಅರ್ಧ ಗಂಟೆ ನಿಪ್ಪಲ್ ಬಿಚ್ಚುತ್ತ ಕೂರುವುದು.

ಇದೆಲ್ಲ ಸರಿಯಿದ್ದೂ ತಡವಾಗಿ ಹಾರುತ್ತಿದ್ದರೆ ಯಾವ ಮದ್ದು ಎಂದು ನೋಡಿ. ಪೈರೋಡೆಕ್ಸ್‌ನಂಥ ಬದಲಿ ಮದ್ದುಗಳು ಹತ್ತಿಕೊಳ್ಳಲು ಅಸಲಿ ಕರಿಮದ್ದಿಗಿಂತ ಹೆಚ್ಚು ಬಿಸಿ ಕೇಳುತ್ತವೆ. ಅವಕ್ಕೆ ಬಿಸಿಯಾದ ಕೇಪು, ಗಟ್ಟಿಯಾಗಿ ಒತ್ತಿದ ಮದ್ದು ಬೇಕು. ಟ್ರಿಪಲ್ ಸೆವೆನ್ ಬೇರೆ ಸ್ವಭಾವದ್ದು. ಶಕ್ತಿ ಜಾಸ್ತಿ, ಆದ್ದರಿಂದ ಅಳತೆಯಲ್ಲಿ ಶೇ 15ರಷ್ಟು ಇಳಿಸಬೇಕು. ಅದನ್ನು ಅಮುಕಿ ಗಟ್ಟಿ ಮಾಡಬಾರದು, ಗುಂಡು ಮದ್ದಿಗೆ ತಾಗಿ ಕೂತರೆ ಸಾಕು. ಅಸಲಿ ಕರಿಮದ್ದು ಸಿಗುವ ಊರಿನಲ್ಲಿದ್ದರೆ ಅದನ್ನೇ ಬಳಸಿ, ಈ ದೋಷದ ಅರ್ಧ ಭಾಗ ಅಲ್ಲಿಗೇ ತೀರುತ್ತದೆ.

ದೋಷ 2: ಮೊದಲ ಏಟಿಗೆ ಕೇಪು ಸಿಡಿಯುವುದಿಲ್ಲ, ಎರಡನೆಯದಕ್ಕೆ ಸಿಡಿಯುತ್ತದೆ

ಕೇಪು ನಿಪ್ಪಲ್ ಮೇಲೆ ಪೂರ್ತಿ ಕೂತಿರುವುದಿಲ್ಲ. ಮೊದಲ ಏಟಿನ ಬಲವೆಲ್ಲ ಅದನ್ನು ಕೆಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ. ಕೇಪು ಹಾಕಿದ ಮೇಲೆ ಪೆನ್ಸಿಲ್ ದಪ್ಪದ ಮರದ ಕಡ್ಡಿಯಿಂದ ಒಂದೊಂದನ್ನೂ ಒತ್ತಿ, ನಳಿಗೆ ಗುರಿಯ ಕಡೆಗಿರಲಿ. ಹ್ಯಾಮರನ್ನೇ ಇಳಿಸಿ ಒತ್ತುವುದು ಬೇಡ.

ಒತ್ತಿದರೂ ಕೂರದಿದ್ದರೆ ಅಳತೆ ತಪ್ಪಿದೆ. 10 ಮತ್ತು 11 ನಂಬರಿನ ಕೇಪುಗಳೇ ಬಳಕೆಯಲ್ಲಿರುವುದು, ಆದರೆ ಒಂದೇ ನಂಬರಿನಲ್ಲಿ ರೆಮಿಂಗ್‌ಟನ್ ಕೇಪಿಗೂ ಸಿಸಿಐ ಕೇಪಿಗೂ ಒಳ ಅಳತೆ ಒಂದೇ ಇರುವುದಿಲ್ಲ. ಡಬ್ಬಿಯ ಮೇಲಿನ ನಂಬರ್ ನಂಬದೆ ಕೂರಿಸಿ ನೋಡಿ. ಸರಿಯಾದ ಕೇಪು ಕಡ್ಡಿಯಲ್ಲಿ ಒತ್ತಿದಾಗ ತಳಕ್ಕೆ ತಾಗಿ ಕೂರಬೇಕು. ಗನ್ನನ್ನು ತಲೆಕೆಳಗೆ ಮಾಡಿ ಅಲುಗಿಸಿದರೂ ಬೀಳಬಾರದು. ಸಡಿಲವಾದ 11 ನಂಬರ್ ಕೇಪನ್ನು ಚಿವುಟಿ ಅಂಡಾಕಾರ ಮಾಡಿ ಹಾಕುವ ರೂಢಿ ಇದೆ, ನಾವು ಅದನ್ನು ಒಪ್ಪುವುದಿಲ್ಲ. ಎರಡು ಕಡೆ ಸಂದು ಉಳಿಯುತ್ತದೆ, ಬೆಂಕಿ ನುಗ್ಗಲು ಅಷ್ಟು ಸಾಕು.

ಸರಿಯಾದ ಕೇಪು ಸರಿಯಾಗಿ ಕೂತಿದ್ದೂ ಸಿಡಿಯದಿದ್ದರೆ ದೋಷ ಹ್ಯಾಮರಿನ ಕಡೆ. ರೆಮಿಂಗ್‌ಟನ್‌ನಲ್ಲಿ ಹಿಡಿಯ ಮುಂಭಾಗದ ಸಣ್ಣ ಸ್ಕ್ರೂ ಮುಖ್ಯ ಸ್ಪ್ರಿಂಗನ್ನು ಬಿಗಿಯುತ್ತದೆ, ಏಟಿನ ಅದುರಿಗೆ ಅದು ಸಡಿಲವಾಗುತ್ತದೆ. ಬಿಗಿ ಮಾಡಿ ನೋಡಿ. ಕೋಲ್ಟ್‌ನಲ್ಲಿ ಸ್ಪ್ರಿಂಗಿನ ಬುಡದ ಸ್ಕ್ರೂ ನೋಡಿ. ನಿಪ್ಪಲ್ ತುದಿ ಅಣಬೆಯಂತೆ ಅಗಲವಾಗಿದ್ದರೆ, ಕೇಪಿಲ್ಲದೆ ಹ್ಯಾಮರ್ ಬಡಿಸಿ ಆಟವಾಡಿದ ಗುರುತು ಅದು. ಅರದಿಂದ ಕೆರೆದು ಸರಿ ಮಾಡಬೇಡಿ, ನಿಪ್ಪಲ್ ಗಿಡ್ಡವಾಗಿ ಹ್ಯಾಮರ್ ಮುಟ್ಟದಂತಾಗುತ್ತದೆ. ಹೊಸದು ಹಾಕಿ.

ದೋಷ 3: ಸಿಡಿದ ಕೇಪಿನ ಚೂರು ಒಳಗೆ ಬಿದ್ದು ಗನ್ ಸಿಕ್ಕಿಕೊಳ್ಳುತ್ತದೆ

ಇದು ಕೋಲ್ಟ್‌ಗಳ ಹುಟ್ಟುಗುಣ. ಹ್ಯಾಮರ್ ಹಿಂದೆ ಬಂದಾಗ ಸಿಡಿದ ಕೇಪು ಅದರ ಮುಖಕ್ಕೆ ಅಂಟಿಕೊಂಡು ಬಂದು ಹ್ಯಾಮರಿನ ಸಂದಿಗೆ ಬೀಳುತ್ತದೆ. ಹ್ಯಾಮರ್ ಅರ್ಧದಲ್ಲಿ ನಿಂತರೆ, ಅಥವಾ ಪೂರ್ತಿ ಬಂದರೂ ಬಡಿದಾಗ ಕೇಪು ಸಿಡಿಯದಿದ್ದರೆ ಮೊದಲು ಆ ಸಂದಿಯನ್ನೇ ನೋಡಿ. ತೆಳು ತಾಮ್ರದ ಚೂರು ಮಡಚಿ ಕೂತಿರುತ್ತದೆ. ನಳಿಗೆ ಗುರಿಯ ಕಡೆಗಿಟ್ಟು ಚಿಮಟದಿಂದ ತೆಗೆಯಿರಿ.

ತಡೆಯಲು ನಾಲ್ಕು ದಾರಿಗಳಿವೆ, ಸುಲಭದ್ದರಿಂದ ಶುರು ಮಾಡಿ. ಏಟಾದ ಮೇಲೆ ನಳಿಗೆಯ ತುದಿಯನ್ನು ರೇಂಜಿನ ನಿಯಮ ಬಿಡುವಷ್ಟು ಎತ್ತಿ, ಗನ್ನನ್ನು ಬಲಕ್ಕೆ ವಾಲಿಸಿ ಹ್ಯಾಮರ್ ಎಳೆಯಿರಿ, ಚೂರು ಹೊರಗೆ ಉದುರುತ್ತದೆ. ಬಿಗಿಯಾಗಿ ಕೂರುವ ಕೇಪು ಆರಿಸಿ, ಅದು ಒಡೆಯುವುದು ಕಡಿಮೆ. ಹ್ಯಾಮರ್ ಮುಖ ಒರಟಾಗಿದ್ದರೆ ನುಣ್ಣಗೆ ಉಜ್ಜಿಸಿ. ಕೊನೆಗೆ ನಿಪ್ಪಲ್. ವರ್ಷಗಟ್ಟಲೆ ಬೆಂಕಿ ತಿಂದ ತೂತು ಅಗಲವಾಗಿ ಹಿಂದಕ್ಕೆ ಹೆಚ್ಚು ಗ್ಯಾಸು ಬಿಡುತ್ತದೆ, ಅದು ಹ್ಯಾಮರನ್ನೇ ಎತ್ತಿ ಕೇಪನ್ನು ಚೂರು ಮಾಡುತ್ತದೆ. ಹೊಸ ನಿಪ್ಪಲ್‌ನ ತೂತಿನ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ದೋಷ 4: ಒಂದು ಹಾರಿಸಿದರೆ ಎರಡು ಮೂರು ಹಾರುತ್ತವೆ

ಸದ್ದು ದೊಡ್ಡದು, ಒದೆತ ಬೇರೆ ಥರ, ಹೊಗೆ ಪಕ್ಕಗಳಿಂದ ಬರುತ್ತದೆ. ಇದನ್ನು ಚೈನ್‌ಫೈರ್ ಎನ್ನುತ್ತಾರೆ. ಪಕ್ಕದ ಚೇಂಬರ್‌ಗಳ ಗುಂಡು ನಳಿಗೆಯ ಹೊರಬದಿಯಲ್ಲಿ, ಲೋಡಿಂಗ್ ಲಿವರನ್ನು ಸವರಿಕೊಂಡು ಹೋಗುತ್ತದೆ. ಇದಕ್ಕೇ ಎಡಗೈಯನ್ನು ಸಿಲಿಂಡರಿನ ಮುಂದೆ ಎಂದೂ ಇಡಬಾರದು. ಎರಡೂ ಕೈ ಹಿಡಿಯ ಮೇಲಿರಲಿ.

ಆದ ತಕ್ಷಣ ಗನ್ನನ್ನು ಗುರಿಯ ಕಡೆಗೇ ಹಿಡಿದು ನಿಲ್ಲಿ. ಒಂದು ನಿಮಿಷ ಬಿಟ್ಟು, ಉಳಿದ ಕೇಪುಗಳನ್ನು ತೆಗೆದು, ಯಾವ ಚೇಂಬರ್‌ಗಳು ಹಾರಿವೆ ಎಂದು ಎಣಿಸಿ.

ಬೆಂಕಿ ಮುಂದಿನಿಂದ ಬಂತೋ ಹಿಂದಿನಿಂದಲೋ ಎಂಬುದರ ಬಗ್ಗೆ ಶೂಟರ್‌ಗಳಲ್ಲಿ ಹಳೆಯ ವಾದವಿದೆ. ಎರಡೂ ಸಾಧ್ಯ, ಆದ್ದರಿಂದ ಎರಡೂ ಕಡೆ ಪರೀಕ್ಷಿಸಬೇಕು. ಮುಂದಿನ ಕಡೆಗೆ ಪರೀಕ್ಷೆ ಸೀಸದ ಉಂಗುರ: ಗುಂಡು ಒತ್ತುವಾಗ ಚೇಂಬರ್ ಬಾಯಿ ಅದರ ಸುತ್ತ ತೆಳುವಾದ ಸೀಸದ ಬಳೆಯೊಂದನ್ನು ಹೆರೆದು ಬಿಡಬೇಕು. ಬಳೆ ಪೂರ್ತಿ ಬಂದರೆ ಗುಂಡು ಸುತ್ತಲೂ ಬಿಗಿದಿದೆ. ಅರ್ಧಚಂದ್ರದಂತೆ ಬಂದರೆ ಒಂದು ಕಡೆ ಸಂದು ಉಳಿದಿದೆ, ಏನೂ ಬರದಿದ್ದರೆ ಗುಂಡು ಚಿಕ್ಕದು. .451ಕ್ಕೆ ಬಳೆ ಸರಿಯಾಗಿ ಬಾರದ ಗನ್‌ಗೆ .454 ಹಾಕಿ ನೋಡಿ. ಗಟ್ಟಿ ಸೀಸ ಬಳಸಿದರೆ ಬಳೆಯೂ ಸರಿಯಾಗಿ ಬರುವುದಿಲ್ಲ, ಲಿವರೂ ಬಾಗುತ್ತದೆ. ಎರಕದಲ್ಲಿ ಗುಳಿ ಬಿದ್ದ ಗುಂಡುಗಳನ್ನು ಮೊದಲೇ ಆರಿಸಿ ಬಿಸಾಡಿ.

ಹಿಂದಿನ ಕಡೆ ಕೇಪು. ಏಟಿನ ಅದುರಿಗೆ ಪಕ್ಕದ ಕೇಪು ಉದುರಿದ್ದರೆ ಆ ನಿಪ್ಪಲ್ ಬೆಂಕಿಗೆ ತೆರೆದಿತ್ತು. ಪ್ರತಿ ಏಟಿನ ಬಳಿಕ ಉಳಿದ ಕೇಪುಗಳ ಮೇಲೆ ಕಣ್ಣು ಹಾಯಿಸಿ.

ಗುಂಡಿನ ಮೇಲೆ ಗ್ರೀಸ್ ಬಳಿಯುವುದಕ್ಕಿಂತ ಗುಂಡಿನ ಕೆಳಗೆ ಫೆಲ್ಟ್ ಬಿಲ್ಲೆ ಮೇಲು. ಮೊದಲ ಏಟಿನ ಗ್ಯಾಸಿಗೆ ಪಕ್ಕದ ಚೇಂಬರ್‌ಗಳ ಗ್ರೀಸ್ ಹಾರಿಹೋಗುತ್ತದೆ, ಬೇಸಿಗೆಯಲ್ಲಿ ಕರಗಿ ಕೈಗೂ ಇಳಿಯುತ್ತದೆ. ಬಿಲ್ಲೆ ಇದ್ದಲ್ಲೇ ಇರುತ್ತದೆ.

ದೋಷ 5: ಎರಡನೇ ಸುತ್ತಿನಲ್ಲಿ ಸಿಲಿಂಡರ್ ತಿರುಗುವುದಿಲ್ಲ

ಬಲ ಹಾಕಿ ಹ್ಯಾಮರ್ ಎಳೆಯಬೇಡಿ, ಸಿಲಿಂಡರನ್ನು ತಿರುಗಿಸುವ ‘ಹ್ಯಾಂಡ್’ ಎಂಬ ಒಳಭಾಗದ ಸ್ಪ್ರಿಂಗ್ ಮುರಿಯುತ್ತದೆ. ಮೂರು ಕಡೆ ನೋಡಿ.

ಹಿಂದೆ: ಎತ್ತರವಾಗಿ ಕೂತ ಕೇಪು ಅಥವಾ ಸಿಡಿದ ಕೇಪಿನ ಚೂರು ಫ್ರೇಮಿಗೆ ಉಜ್ಜುತ್ತಿದೆಯೇ?

ಮುಂದೆ: ಯಾವುದಾದರೂ ಗುಂಡು ಚೇಂಬರ್ ಬಾಯಿಯಿಂದ ಹೊರಗೆ ಇಣುಕುತ್ತಿದೆಯೇ? ಮದ್ದು ಹೆಚ್ಚಾದರೆ ಗುಂಡು ಆಳಕ್ಕೆ ಇಳಿಯುವುದಿಲ್ಲ. ಗುಂಡು ಸಡಿಲವಿದ್ದರೆ ಪಕ್ಕದ ಚೇಂಬರ್ ಹಾರಿದ ಒದೆತಕ್ಕೆ ಮುಂದೆ ಜಾರುತ್ತದೆ. ಲಿವರ್‌ನ ಕೆಳಗೆ ಬರುವಷ್ಟು ಸಿಲಿಂಡರ್ ತಿರುಗಿದರೆ ಒತ್ತಿ ಕೂರಿಸಬಹುದು. ಗುಂಡು ಸಡಿಲವಾಗಿ ಜಾರುವ ಗನ್‌ಗೆ ದೊಡ್ಡ ಗುಂಡೇ ಪರಿಹಾರ.

ನಡುವೆ: ಸಿಲಿಂಡರ್ ತಿರುಗುವ ಪಿನ್ನಿನ ಮೇಲೆ ಮಸಿ. ಸುಟ್ಟ ಕರಿಮದ್ದಿನ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಘನವಸ್ತುವಾಗಿಯೇ ಉಳಿಯುತ್ತದೆ, ಅದರಲ್ಲೊಂದಿಷ್ಟು ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ನೇರ ಪಿನ್ನಿಗೆ ಬಡಿಯುತ್ತದೆ. ರೆಮಿಂಗ್‌ಟನ್‌ನ ಪಿನ್ ಸಣ್ಣದು, ಅದರಲ್ಲಿ ಗ್ರೀಸ್ ನಿಲ್ಲುವ ತೋಡುಗಳಿಲ್ಲ. ಒಂದೆರಡು ಸುತ್ತಿನಲ್ಲೇ ಬಿಗಿಯಾಗುತ್ತದೆ. ಕೋಲ್ಟ್‌ನ ಆರ್ಬರ್ ದಪ್ಪ, ತೋಡುಗಳಿವೆ, ಹೆಚ್ಚು ತಾಳುತ್ತದೆ. ರೆಮಿಂಗ್‌ಟನ್‌ನಲ್ಲಿ ಸುತ್ತಿಗೊಮ್ಮೆ ಪಿನ್ ಎಳೆದು ಒದ್ದೆ ಬಟ್ಟೆಯಿಂದ ಒರೆಸಿ, ಗ್ರೀಸ್ ಹಚ್ಚಿ ಹಾಕಿ. ಒಂದು ನಿಮಿಷದ ಕೆಲಸ.

ಯಾವ ಗ್ರೀಸ್ ಎಂಬುದು ಇಲ್ಲಿ ಮುಖ್ಯ. ಪೆಟ್ರೋಲಿಯಂ ಗ್ರೀಸ್ ಕರಿಮದ್ದಿನ ಮಸಿಯ ಜೊತೆ ಸೇರಿ ಡಾಂಬರಿನಂತೆ ಗಟ್ಟಿಯಾಗುತ್ತದೆ. ಅಮೆರಿಕದ ವಾಡಿಕೆ ಕುರಿಕೊಬ್ಬು ಮತ್ತು ಜೇನುಮೇಣ. ಕೊಬ್ಬು ಮುಟ್ಟಲಾರದ ಸಸ್ಯಾಹಾರಿಗಳು ಆಲಿವ್ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ಆರಿಸಿಕೊಳ್ಳಬಹುದು, ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಸೆಕೆಗಾಲಕ್ಕೆ ಮೇಣ ಜಾಸ್ತಿ, ಚಳಿಗಾಲಕ್ಕೆ ಎಣ್ಣೆ ಜಾಸ್ತಿ.

ಸ್ವಚ್ಛವಿರುವಾಗಲೇ ಬಿಗಿಯಾಗಿರುವ ಕೋಲ್ಟ್‌ನಲ್ಲಿ ದೋಷ ನಳಿಗೆಯನ್ನು ಆರ್ಬರ್‌ಗೆ ಬಿಗಿದಿಡುವ ಬೆಣೆಯದು. ಕೆಲವು ನಕಲುಗಳಲ್ಲಿ ಆರ್ಬರ್ ಗಿಡ್ಡ, ನಳಿಗೆಯ ಬ್ಲಾಕಿನಲ್ಲಿರುವ ರಂಧ್ರದ ತಳ ಮುಟ್ಟುವುದಿಲ್ಲ. ಬೆಣೆಯನ್ನು ಬಡಿದಷ್ಟೂ ನಳಿಗೆ ಹಿಂದೆ ಸರಿದು ಸಿಲಿಂಡರನ್ನು ಒತ್ತುತ್ತದೆ. ಸಿಲಿಂಡರ್ ಮತ್ತು ನಳಿಗೆಯ ಸಂದು ಸುಮಾರು 0.1ರಿಂದ 0.2 ಮಿಲಿಮೀಟರ್ ಇರಬೇಕು, ಫೀಲರ್ ಗೇಜಿನಿಂದ ಅಳೆಯಿರಿ. ತಾತ್ಕಾಲಿಕವಾಗಿ ಬೆಣೆಯನ್ನು ಹೆಬ್ಬೆರಳಿನಿಂದ ಒತ್ತುವಷ್ಟಕ್ಕೇ ನಿಲ್ಲಿಸಿ. ಶಾಶ್ವತ ಪರಿಹಾರವೆಂದರೆ ರಂಧ್ರದ ತಳಕ್ಕೆ ಸರಿಯಾದ ದಪ್ಪದ ಉಕ್ಕಿನ ಬಿಲ್ಲೆ ಹಾಕಿಸುವುದು.

ದೋಷ 6: ಹಾರುತ್ತದೆ, ಆದರೆ ಗುರಿಗೆ ಬೀಳುವುದಿಲ್ಲ

ಗುಂಡುಗಳೆಲ್ಲ ಒಂದೇ ಕಡೆ ಗುಂಪಾಗಿ, ಆದರೆ ಮೇಲೆ ಬೀಳುತ್ತಿದ್ದರೆ ಅದು ದೋಷವಲ್ಲ. ಕೋಲ್ಟ್‌ಗಳ ಹಿಂದಿನ ಸೈಟ್ ಹ್ಯಾಮರಿನ ಮೂತಿಯ ಮೇಲಿನ ಕಚ್ಚು, ಅದನ್ನು ದೂರದ ಗುರಿಗೆ ಹೊಂದಿಸಿದ್ದಾರೆ. 25 ಗಜದಲ್ಲಿ ಅರ್ಧ ಅಡಿಯಿಂದ ಒಂದು ಅಡಿ ಮೇಲೆ ಬೀಳುವುದು ಸಾಮಾನ್ಯ. ಕೆಳಗೆ ಗುರಿಯಿಡಿ, ಇಲ್ಲವೇ ಎತ್ತರದ ಮುಂದಿನ ಸೈಟ್ ಹಾಕಿಸಿ. ರೆಮಿಂಗ್‌ಟನ್ ಕೆಳಗೆ ಬೀಳಿಸುತ್ತಿದ್ದರೆ ಮುಂದಿನ ಸೈಟನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಇಳಿಸಿ. ಸೈಟ್ ಇಳಿದಷ್ಟೂ ಏಟು ಮೇಲೇರುತ್ತದೆ. ಹೆಚ್ಚು ಅರೆದರೆ ಮತ್ತೆ ಬೆಳೆಸಲಾಗದು, ಹಾಗಾಗಿ ಲೋಡ್ ಯಾವುದೆಂದು ಖಚಿತವಾದ ಮೇಲೆಯೇ ಅರ ಮುಟ್ಟಿ.

ಗುಂಡುಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದರೆ ಮೊದಲು ಮದ್ದು ಇಳಿಸಿ. .44ಕ್ಕೆ 20 ಗ್ರೇನ್ ಹಾಕಿ, ಉಳಿದ ಜಾಗಕ್ಕೆ 10 ಗ್ರೇನ್ ಅಳತೆಯಷ್ಟು ಒಣ ರವೆ ತುಂಬಿ. ಅಮೆರಿಕನ್ನರು ಕ್ರೀಮ್ ಆಫ್ ವೀಟ್ ಬಳಸುವ ಜಾಗ ಇದು, ನಮ್ಮ ಅಡುಗೆಮನೆಯ ಉಪ್ಪಿಟ್ಟಿನ ರವೆ ಸಾಕು. ಕ್ರಮ ತಪ್ಪಬಾರದು: ಮದ್ದು, ಮೇಲೆ ರವೆ, ಮೇಲೆ ಗುಂಡು. ರವೆಯಿಂದ ಗುಂಡು ಚೇಂಬರ್ ಬಾಯಿಯ ಹತ್ತಿರ ಕೂರುತ್ತದೆ, ನಳಿಗೆಯೊಳಗಿನ ಸುರುಳಿ ತೋಡು ಹಿಡಿಯುವ ಮೊದಲು ಅದು ಜಿಗಿಯಬೇಕಾದ ದೂರ ಕಡಿಮೆಯಾಗುತ್ತದೆ. ಆದರೂ ಗುಂಪು ಬಿಗಿಯಾಗದಿದ್ದರೆ ಚೇಂಬರ್‌ನ ಒಳ ಅಳತೆ ನಳಿಗೆಯ ತೋಡಿನ ಅಳತೆಗಿಂತ ಚಿಕ್ಕದಿರಬಹುದು. ಮೆದು ಸೀಸದ ಗುಂಡನ್ನು ಖಾಲಿ ನಳಿಗೆಯಲ್ಲಿ ಕೋಲಿನಿಂದ ತಳ್ಳಿ ಹೊರತೆಗೆದು ಕ್ಯಾಲಿಪರ್‌ನಿಂದ ಅಳೆಯಿರಿ, ಚೇಂಬರನ್ನೂ ಅಳೆಯಿರಿ. ಚೇಂಬರ್ ಚಿಕ್ಕದಾದರೆ ಎಷ್ಟು ದೊಡ್ಡ ಗುಂಡು ಹಾಕಿದರೂ ಚಿಕ್ಕದಾಗಿಯೇ ಹೊರಡುತ್ತದೆ. ಚೇಂಬರ್ ಕೊರೆಸುವುದು ಗನ್‌ಸ್ಮಿತ್ ಕೆಲಸ, ಮನೆಯ ಡ್ರಿಲ್ಲಿನದಲ್ಲ.

ದೋಷ 7: ಮರುವಾರಕ್ಕೆ ತುಕ್ಕು, ನಿಪ್ಪಲ್ ಬಿಚ್ಚುವುದಿಲ್ಲ

ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ. ಹಾರಿಸಿದ ದಿನವೇ ತೊಳೆಯಬೇಕು, ನಾಳೆಗೆ ಬಿಡುವಂತಿಲ್ಲ. ಹಿಡಿಯ ಮರ ಬಿಚ್ಚಿಟ್ಟು, ನಿಪ್ಪಲ್‌ಗಳನ್ನು ತೆಗೆದು, ಪಾತ್ರೆ ತೊಳೆಯುವ ಸೋಪಿನ ಹನಿ ಬೆರೆಸಿದ ಬಿಸಿನೀರಿನಲ್ಲಿ ನಳಿಗೆ, ಸಿಲಿಂಡರ್ ಉಜ್ಜಿ. ಕೊನೆಯ ತೊಳೆತ ಕುದಿಯುವಷ್ಟು ಬಿಸಿಯಿರಲಿ, ಲೋಹ ಆ ಬಿಸಿಗೆ ತಾನೇ ಒಣಗುತ್ತದೆ. ಬೆಚ್ಚಗಿರುವಾಗಲೇ ತೆಳುವಾಗಿ ಎಣ್ಣೆ ಸವರಿ. ನಿಪ್ಪಲ್‌ನ ತಿರುಪು ಮರೆಗೆ ಆ್ಯಂಟಿ-ಸೀಜ್ ಪೇಸ್ಟ್ (ಸಿಕ್ಕಿಕೊಳ್ಳದಂತೆ ಹಚ್ಚುವ ಲೇಪ) ಹಚ್ಚಿ, ಬೆರಳಿಗೆ ಬಿಗಿಯಾದ ಮೇಲೆ ವ್ರೆಂಚಿನಲ್ಲಿ ಸ್ವಲ್ಪವೇ ತಿರುಗಿಸಿ.

ಸಿಕ್ಕಿಕೊಂಡ ನಿಪ್ಪಲ್‌ಗೆ ವ್ರೆಂಚ್ ಹಾಕಿ ತಿರುಚಿದರೆ ಅದರ ಚೌಕದ ಮೂಲೆಗಳು ಸವೆಯುತ್ತವೆ. ಮೊದಲು ಸಿಲಿಂಡರ್‌ನ ಎಲ್ಲ ಚೇಂಬರ್‌ಗಳೂ ಖಾಲಿ ಎಂದು ಕಡ್ಡಿ ಹಾಕಿ ಖಚಿತಪಡಿಸಿಕೊಳ್ಳಿ. ತುಕ್ಕು ಬಿಡಿಸುವ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಗ್ಗೆ ಅಳತೆಗೆ ಸರಿಯಾಗಿ ಕೂರುವ ವ್ರೆಂಚಿನಿಂದ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ.